ಇಪ್ಪತ್ತೈದು ಗಜ

ಚರ್ಚಿಗೆಂದು ತೆಗೆದಿಟ್ಟಿದ್ದ ನೀಲಿ ಉಡುಪಿನ ಕೆಳಗೆ ಈಜುಡುಗೆ ತೊಟ್ಟು ಬಂದಿರುವುದು ಈ ಕಚೇರಿಯಲ್ಲಿ ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ. ಆದರೂ ವರ್ಲೀನ್ ಪೆಟಿಗ್ರೂ ಮೊಣಕಾಲು ಕೂಡಿಸಿ, ಕೈಚೀಲವನ್ನು ಹೊಟ್ಟೆಗೆ ಒತ್ತಿಕೊಂಡು, ಅಂಗಡಿಯಿಂದ ಏನನ್ನೋ ಕದ್ದು ಒಳಗಿಟ್ಟುಕೊಂಡವಳ ಹಾಗೆ ಬೆಂಚಿನ ತುದಿಯಲ್ಲಿ ಕೂತಿದ್ದಳು. ಹೆಗಲಿನ ಪಟ್ಟಿ ಕಚ್ಚುತ್ತಿತ್ತು. ಒಂದು ಗಂಟೆ ಕಾರು ಓಡಿಸಿಕೊಂಡು ಬಂದಿದ್ದರಿಂದ ಬೆನ್ನಿನ ಕೆಳಗೆ ಬೆವರು ನಿಂತು, ಆ ಬಟ್ಟೆ ಇನ್ನೊಂದು ಚರ್ಮದಂತೆ ಅಂಟಿಕೊಂಡಿತ್ತು. ಬೆಳಗ್ಗೆ ಕನ್ನಡಿಯ ಮುಂದೆ ಅದನ್ನು ಏರಿಸಿಕೊಳ್ಳುವಾಗ ಅವಳು ತನಗೆ ತಾನೇ ಯಾವ ಕಾರಣವನ್ನೂ ಕೊಟ್ಟುಕೊಂಡಿರಲಿಲ್ಲ. ಬಂದ ಕೆಲಸ ಒಂದು ಸಹಿ ಹಾಕುವುದು. ಸಹಿ ಹಾಕಲು ಪೆನ್ನು ಸಾಕು. ಐವತ್ತೊಂಬತ್ತು ವರ್ಷದ ಹೆಂಗಸು ಪೆನ್ನು ಹಿಡಿಯುವುದಕ್ಕೆ ಈಜುಡುಗೆ ತೊಟ್ಟು ಬರುತ್ತಾಳೆಯೇ? ಪಕ್ಕದಲ್ಲಿ ಕೂತಿದ್ದ ವಿದ್ಯಾರ್ಥಿನಿಯೊಬ್ಬಳು ಫೋನಿನಿಂದ ತಲೆ ಎತ್ತಿ ಅವಳತ್ತ ನೋಡಿ ನಕ್ಕಳು. ಮಾಮೂಲಿ ನಗು, ಅಜ್ಜಿಯರ ಕಡೆಗೆ ನಗುವ ನಗು. ವರ್ಲೀನ್ ಕುತ್ತಿಗೆಯ ಗುಂಡಿಯನ್ನು ಮುಟ್ಟಿ ನೋಡಿಕೊಂಡಳು. ಹಾಕಿಯೇ ಇತ್ತು.

ಕಾಗದ ಬಂದದ್ದು ಫೆಬ್ರವರಿಯಲ್ಲಿ. ಬ್ರೆಥರ್ಟನ್ ಕಾಲೇಜು ಮುಚ್ಚಿ ಎರಡು ವರ್ಷವಾಗಿದೆ, ಅದರ ದಾಖಲೆಗಳೆಲ್ಲ ಈಗ ರಾಜ್ಯ ವಿಶ್ವವಿದ್ಯಾಲಯದ ವಶದಲ್ಲಿವೆ, ಪರಿಶೀಲಿಸುವಾಗ ಎಲ್ಲ ವಿಷಯಗಳಲ್ಲಿ ಪಾಸಾಗಿ ಈಜು ಪರೀಕ್ಷೆಯೊಂದರಿಂದಲೇ ಪದವಿ ತಪ್ಪಿದವರು ನಲವತ್ತೊಂದು ಮಂದಿ ಸಿಕ್ಕಿದ್ದಾರೆ, ಅವರಲ್ಲಿ ತಾವೂ ಒಬ್ಬರು, ಆ ನಿಯಮವನ್ನು ಮನ್ನಾ ಮಾಡಲು ಮಂಡಳಿ ಒಪ್ಪಿದೆ, ಬಂದು ಸಹಿ ಹಾಕತಕ್ಕದ್ದು. ಮೂರನೇ ತರಗತಿಯ ಹಿಂದಿನ ಬೆಂಚಿನಲ್ಲಿ, ಮಕ್ಕಳು ಭಿನ್ನರಾಶಿ ಮಾಡುತ್ತಿದ್ದಾಗ ಅವಳು ಅದನ್ನು ಓದಿದಳು. ಇಪ್ಪತ್ತೆಂಟು ವರ್ಷದಿಂದ ಅವಳ ಜಾಗ ಅದೇ, ತರಗತಿಯ ಹಿಂಭಾಗ. ಹುದ್ದೆಯ ಹೆಸರು ಸಹಾಯಕಿ. ಆ ಕೋಣೆಗೆ ಒಂಬತ್ತು ಜನ ಹೊಸ ಟೀಚರುಗಳು ಬಂದು ಹೋಗಿದ್ದರು. ಒಬ್ಬೊಬ್ಬರೂ ಮೊದಲ ವಾರ ಶೌಚಾಲಯದಲ್ಲಿ ಅತ್ತು ಬಂದು, ಎರಡನೇ ವಾರ "ಮಿಸ್ ವರ್ಲೀನ್, ಈ ಮಗುವಿಗೆ ಹೇಗೆ ಹೇಳಿಕೊಡೋದು?" ಎಂದು ಅವಳನ್ನು ಕೇಳಿದವರೇ. ಅವಳು ಹೇಳಿಕೊಟ್ಟಿದ್ದಳು, ಮಗುವಿಗೂ ಟೀಚರಿಗೂ. ಈ ಸಲ ಹತ್ತನೆಯವಳು ಸಿಕ್ಕಿರಲಿಲ್ಲ. ಮುಖ್ಯೋಪಾಧ್ಯಾಯಿನಿ ಮಿಸೆಸ್ ಗ್ಯಾಸ್ಕಿನ್ಸ್ ಕಾರಿಡಾರಿನಲ್ಲಿ ತಡೆದು, "ನೋಡು ವರ್ಲೀನ್, ಆ ಡಿಗ್ರಿ ಒಂದು ನಿನ್ನ ಕೈಲಿದ್ದಿದ್ರೆ ಆಗಸ್ಟಿಂದ ಆ ಕ್ಲಾಸು ನಿಂದೇ ಆಗ್ತಿತ್ತು. ಬಾಗಿಲ ಮೇಲೆ ನಿನ್ನ ಹೆಸರು ನಾನೇ ಬರೆಸ್ತಿದ್ದೆ" ಎಂದಿದ್ದರು. ವರ್ಲೀನ್ ನಕ್ಕು ತರಗತಿಗೆ ಹೋಗಿದ್ದಳು. ಕಾಗದ ಆಗಲೇ ಅವಳ ಊಟದ ಚೀಲದಲ್ಲಿತ್ತು.

"ಪೆಟಿಗ್ರೂ? ಮಿಸೆಸ್ ವರ್ಲೀನ್ ಪೆಟಿಗ್ರೂ?"

ಕರೆದವಳು ಮಾರಿಸೋಲ್ ಎಂಬ ಹುಡುಗಿ. ಎದೆಯ ಮೇಲಿನ ಪಟ್ಟಿಯಲ್ಲಿ ಹೆಸರಿತ್ತು. ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಮೇಜಿನ ಮೇಲೆ ಕಡತ ತೆರೆದಿಟ್ಟು, ಗುರುತು ಮಾಡಿದ ಜಾಗ ತೋರಿಸಿದಳು.

"ಇಲ್ಲೊಂದು, ಇಲ್ಲೊಂದು. ಸಹಿ ಹಾಕಿಬಿಡಿ ಮ್ಯಾಡಮ್, ಮುಗೀತು. ಎಲ್ಲರದ್ದೂ ಎರಡೇ ನಿಮಿಷ."

"ಎಲ್ಲರೂ ಬಂದ್ರಾ?"

"ಮೂವತ್ತೆಂಟು ಜನ ಬಂದು ಹೋದ್ರು. ಒಬ್ರು ಅಂತೂ ಅತ್ತೇಬಿಟ್ರು, ಎಪ್ಪತ್ತು ವರ್ಷ ಅವರಿಗೆ. ಈಜಿನಿಂದ ಡಿಗ್ರಿ ನಿಲ್ಲಿಸೋದು ಅಂದ್ರೆ ಏನು ಹೇಳಿ, ನಾನ್ಸೆನ್ಸ್. ನೋಡಿ, ಮನ್ನಾ ಆದ್ರೆ ತಾರೀಖೂ ಹಳೇದೇ ಬರುತ್ತೆ. ನಿಮ್ಮ ಬ್ಯಾಚಿನ ಜೊತೆಗೇ."

ಬೆರಳಿಟ್ಟ ಕಡೆ ಅಚ್ಚಾಗಿತ್ತು: ಮೇ ೧೪, ೧೯೮೮. ವರ್ಲೀನ್ ಪೆನ್ನಿನ ಮುಚ್ಚಳ ತೆಗೆದಳು. ಆ ದಿನ ಶನಿವಾರ. ಹುಲ್ಲಿನ ಮೇಲೆ ಬಿಳೀ ಕುರ್ಚಿಗಳು, ಮೂರನೆಯ ಸಾಲಿನಲ್ಲಿ ಅಮ್ಮ ಓಜೆಲ್ಲಾ, ನೇರಳೆ ಬಣ್ಣದ ಟೋಪಿ ಇಟ್ಟುಕೊಂಡು, ಕೈಗವಸು ಹಾಕಿಕೊಂಡು. ಅದೇ ಕಾಲೇಜಿನ ಬಟ್ಟೆ ಒಗೆಯುವ ಮನೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದು ಬೆರಳಿನ ಗೆಣ್ಣುಗಳು ಬಿಳಚಿಕೊಂಡಿದ್ದವು, ಅದಕ್ಕೇ ಕೈಗವಸು. ಹೆಸರು ಕೂಗಿದರು. ವರ್ಲೀನ್ ವೇದಿಕೆ ಹತ್ತಿ ಅಧ್ಯಕ್ಷರ ಕೈ ಕುಲುಕಿ ಚರ್ಮದ ಹೊದಿಕೆಯೊಂದನ್ನು ಇಸಿದುಕೊಂಡು ಇಳಿದಳು. ಎಲ್ಲರಿಗೂ ಕೊಟ್ಟದ್ದು ಅಂಥದ್ದೇ. ಒಳಗೆ ಮಾತ್ರ ಬೇರೆಯವರಿಗೆ ಪದವಿಪತ್ರ, ಅವಳಿಗೆ ಅಂಗೈಯಗಲದ ಒಂದು ಚೀಟಿ. ಈಜು ಪರೀಕ್ಷೆ ಬಾಕಿ, ಸೆಪ್ಟೆಂಬರಿನಲ್ಲಿ ಬಂದು ಮುಗಿಸಬಹುದು. ಯಾವ ಸೆಪ್ಟೆಂಬರೂ ಬರಲಿಲ್ಲ. ಅಮ್ಮ ಆ ಹೊದಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಎದೆಗೆ ಒತ್ತಿಕೊಂಡು, "ಮರೀ, ನಮ್ಮ ಮನೇಲಿ ನೀನೇ ಮೊದಲನೇವಳು" ಎಂದಾಗ, "ಕಾಗದ ಪೋಸ್ಟಲ್ಲಿ ಬರುತ್ತಂತೆ ಅಮ್ಮ" ಎಂದು ವರ್ಲೀನ್ ಹೇಳಿದಳು. ಎಷ್ಟು ಸಲೀಸಾಗಿ ಬಂತು ಆ ಸುಳ್ಳು, ನಾಲಿಗೆಯ ಕೆಳಗೆ ಮೊದಲೇ ಕೂತಿದ್ದ ಹಾಗೆ. ಆಮೇಲೆ, "ಬಂತು, ಬೆಳಕಿಗೆ ಹಳದಿಯಾಗುತ್ತೆ ಅಂತ ಒಳಗಿಟ್ಟಿದ್ದೀನಿ" ಎಂದಳು. ಹೊದಿಕೆ ಮಾತ್ರ ಅಮ್ಮನ ಊಟದ ಮನೆಯ ಬೀರುವಿನ ಮೇಲೆ ಇಪ್ಪತ್ತೊಂದು ವರ್ಷ ನಿಂತಿತ್ತು. ಬಂದವರಿಗೆಲ್ಲ ತೋರಿಸುತ್ತಿದ್ದಳು. ದಿನಾ ಧೂಳು ಒರೆಸುತ್ತಿದ್ದಳು. ಒಂದು ದಿನವೂ ತೆರೆದು ನೋಡಲಿಲ್ಲ. ಅದು ಯಾಕೆಂದು ವರ್ಲೀನ್ ಅಮ್ಮ ತೀರಿಹೋದ ಮೇಲೆ ಎಷ್ಟೋ ಸಲ ಯೋಚಿಸಿದ್ದಳು. ಬಟ್ಟೆ ಒಗೆಯುವ ಹೆಂಗಸರಿಗೆ ಕಾಲೇಜಿನಲ್ಲಿ ಗೊತ್ತಿಲ್ಲದ ಸುದ್ದಿಯೇ ಇರಲಿಲ್ಲ. ಯಾವ ಪ್ರೊಫೆಸರು ಎಲ್ಲಿ ಮಲಗುತ್ತಾನೆ ಎನ್ನುವುದೂ ಅವರಿಗೆ ಗೊತ್ತಿತ್ತು.

"ಮ್ಯಾಡಮ್? ಪೆನ್ನು ಬರೀತಾ ಇಲ್ವಾ?"

"ಬರೀತಿದೆ."

ಈಜುಕೊಳದ ಟವೆಲುಗಳೂ ಅಮ್ಮನ ಕೈಯಿಂದಲೇ ಹೋಗುತ್ತಿದ್ದವು. ಮನೆಗೆ ಬಂದಾಗ ಅವಳ ಮೈಯಿಂದ ಕ್ಲೋರಿನ್ ವಾಸನೆ ಬರುತ್ತಿತ್ತು; ಮಗುವಾಗಿದ್ದಾಗ ವರ್ಲೀನ್ ಅದನ್ನು ಅಮ್ಮನ ವಾಸನೆ ಎಂದೇ ತಿಳಿದಿದ್ದಳು. ಊರಿನಲ್ಲೂ ಬಿಳಿಯರಿಗೆಂದೇ ಒಂದು ಕೊಳವಿತ್ತಂತೆ, ಅವಳು ಹುಟ್ಟುವ ಮೊದಲು. ತಮ್ಮಂಥ ಕಪ್ಪು ಜನರನ್ನೂ ಬಿಡಬೇಕು ಎಂದು ಕೋರ್ಟು ಹೇಳಿದ ಮರುವಾರವೇ ಲಾರಿಗಳಲ್ಲಿ ಮಣ್ಣು ತಂದು ಮುಚ್ಚಿ, ಮೇಲೆ ಗುಲಾಬಿ ನೆಟ್ಟರು. ಅದರ ಪಕ್ಕದಲ್ಲಿ ನಡೆದು ಹೋಗುವಾಗ ಓಜೆಲ್ಲಾ ಪ್ರತಿ ಸಲವೂ, "ಈ ಗುಲಾಬಿಗಳಿಗೆ ಈಜು ಬರುತ್ತೆ ನೋಡು, ನಮಗೇ ಬರಲ್ಲ" ಎಂದು ನಗಿಸುತ್ತಿದ್ದಳು. ಹಾಗಾಗಿ ಇಪ್ಪತ್ತೆರಡನೇ ವಯಸ್ಸಿನಲ್ಲಿ, ಭೂಗರ್ಭಶಾಸ್ತ್ರದಲ್ಲಿ ಮೊದಲ ದರ್ಜೆ ಪಡೆದವಳು, ಎರಡು ಭಾಷೆ ಓದಬಲ್ಲವಳು, ಮೊಣಕಾಲುದ್ದದ ನೀರಿನಲ್ಲಿ ಕಂಬಿ ಹಿಡಿದು ನಡುಗುತ್ತ ನಿಂತಿದ್ದಳು. ರಬ್ಬರಿನ ಟೋಪಿ ಅವಳ ಕೂದಲಿನ ಮೇಲೆ ಕೂರದೆ ಮತ್ತೆ ಮತ್ತೆ ಮೇಲಕ್ಕೆ ಜಿಗಿಯುತ್ತಿತ್ತು. ಹಿಂದಿನ ಸಾಲಿನ ಹುಡುಗಿಯರು ನಗುತ್ತಿದ್ದರು. ಕಲಿಸುವವಳು ಮಿಸ್ ಕಾಲ್ಡರ್ ಪೀಪಿ ಊದುವುದನ್ನು ನಿಲ್ಲಿಸಿ ಬಗ್ಗಿ, ನಿಜವಾದ ಕನಿಕರದಿಂದ ಹೇಳಿದ್ದಳು: "ನಿಮ್ಮ ಜನದ ಮೂಳೆ ಭಾರ, ಪುಟ್ಟಾ. ನೀರು ಎತ್ತಲ್ಲ. ಇದರಲ್ಲಿ ನಿನ್ನ ತಪ್ಪೇನಿಲ್ಲ." ಮೂವತ್ತೇಳು ವರ್ಷದಲ್ಲಿ ವರ್ಲೀನಳನ್ನು ಸುಟ್ಟದ್ದು ಆ ಮಾತಲ್ಲ. ಅದಕ್ಕೆ ಅವಳು ಕೊಟ್ಟ ಉತ್ತರ. "ಥ್ಯಾಂಕ್ಯೂ ಮ್ಯಾಡಮ್" ಎಂದಿದ್ದಳು. ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ, ಒಮ್ಮೆ ಗಂಡನ ಶವಪೆಟ್ಟಿಗೆಯ ಪಕ್ಕ ನಿಂತಿದ್ದಾಗ ಸಹ, ಯಾವ ಕಾರಣವೂ ಇಲ್ಲದೆ ಆ ಎರಡು ಪದ ಕಿವಿಯಲ್ಲಿ ಕೇಳಿ ಮುಖ ಬಿಸಿಯಾಗುತ್ತಿತ್ತು.

ಆದರೂ ಆ ಕಾಲೇಜನ್ನು ದ್ವೇಷಿಸಲು ಅವಳಿಂದ ಆಗಿರಲಿಲ್ಲ. ಪಾದ್ರಿಗಳ ಗಂಡುಮಕ್ಕಳಿಗೆಂದು ಕಟ್ಟಿದ್ದು. ಆಮೇಲೆ ಹುಡುಗಿಯರನ್ನು ಸೇರಿಸಿಕೊಂಡಿತು, ಆಮೇಲೆ ಗೊಣಗುತ್ತ ಕಪ್ಪು ಮಕ್ಕಳನ್ನು, ಕೊನೆಗೆ ಬಂದವರನ್ನೆಲ್ಲ ಕೈಬೀಸಿ ಕರೆದರೂ ಯಾರೂ ಬಾರದೆ ಬಾಗಿಲು ಹಾಕಿತು. ಅಲ್ಲಿಯೇ ಒಬ್ಬ ಮುದುಕ ಪ್ರೊಫೆಸರು ಅವಳ ಅಂಗೈಯಲ್ಲಿ ಒಂದು ಕಲ್ಲಾದ ಚಿಪ್ಪನ್ನಿಟ್ಟು, "ನಿಮ್ಮೂರಿನ ಹತ್ತಿಯ ಹೊಲ ಇದೆಯಲ್ಲ, ಅದು ಸಮುದ್ರವಾಗಿತ್ತು" ಎಂದಿದ್ದ. ಅವತ್ತು ಸಂಜೆ ಊರಿನ ರಸ್ತೆಯಲ್ಲಿ ನಡೆಯುವಾಗ ಅವಳ ಕಾಲಕೆಳಗಿನ ನೆಲವೇ ಬೇರೆಯಾಗಿತ್ತು. ಹೊಲದ ಮಾಲೀಕರು ಯಾರು, ಕೂಲಿಯವರು ಯಾರು ಎಂಬುದೆಲ್ಲ ಮೊನ್ನೆಮೊನ್ನೆಯ ಸುದ್ದಿ ಅನ್ನಿಸಿತ್ತು. ಪ್ರತಿ ವರ್ಷವೂ ಮೂರನೇ ತರಗತಿಯ ಮಕ್ಕಳ ಅಂಗೈಯಲ್ಲಿ ಅವಳು ಅಂಥದ್ದೇ ಒಂದು ಚಿಪ್ಪನ್ನಿಟ್ಟು ಅದೇ ಮಾತು ಹೇಳುತ್ತಿದ್ದಳು. ಅದನ್ನು ಹೇಳಲು ಯಾವ ಕಾಗದವೂ ಬೇಕಿರಲಿಲ್ಲ. ಬೇಕಿತ್ತೇ?

"ಮನ್ನಾ ಅಂತ ಇದೆಯಲ್ಲ ಇಲ್ಲಿ," ಎಂದಳು ವರ್ಲೀನ್. ಅವಳ ದನಿ ಅವಳಿಗೇ ತುಸು ದೊಡ್ಡದಾಗಿ ಕೇಳಿಸಿತು. "ಮನ್ನಾ ಮಾಡೋದಕ್ಕೆ ನಾನೇನು ತಪ್ಪು ಮಾಡಿದೀನಿ ಮಗಳೇ?"

ಮಾರಿಸೋಲ್ ಕಕ್ಕಾಬಿಕ್ಕಿಯಾದಳು. "ಅಯ್ಯೋ, ಹಾಗಲ್ಲ ಮ್ಯಾಡಮ್. ಅದು ಬರೀ ಫಾರಮ್ಮಿನ ಭಾಷೆ."

"ಪರೀಕ್ಷೆ ಮಾಡಿದ್ರೆ?"

"ಯಾವ ಪರೀಕ್ಷೆ?"

"ಈಜು. ಇಪ್ಪತ್ತೈದು ಗಜ, ಯಾವ ಥರ ಬೇಕಾದ್ರೂ, ಅಂಚು ಹಗ್ಗ ಏನನ್ನೂ ಹಿಡೀಬಾರದು. ನಿಮ್ಮಲ್ಲಿ ಕೊಳ ಇಲ್ವಾ?"

"ಇದೆ... ಆದ್ರೆ..." ಹುಡುಗಿ ನಗಬೇಕೋ ಬೇಡವೋ ತಿಳಿಯದೆ ಸುತ್ತ ನೋಡಿದಳು. "ಯಾರೂ ಹಂಗೆ ಕೇಳಿಲ್ಲ. ಮತ್ತೆ, ತಾರೀಖು ಇವತ್ತಿಂದು ಬೀಳುತ್ತೆ ಮ್ಯಾಡಮ್. ಎರಡು ಸಾವಿರದ ಇಪ್ಪತ್ತೈದು ಅಂತ. ಸಹಿ ಹಾಕಿದ್ರೆ ಎಂಬತ್ತೆಂಟು. ಯೋಚನೆ ಮಾಡಿ."

ಯೋಚನೆ ಮಾಡುವುದು ಅಲ್ಲೇ ಇತ್ತು. ಒಂದು ಸಹಿಯಿಂದ ಆ ಶನಿವಾರ ನಿಜವಾಗುತ್ತಿತ್ತು. ಅಮ್ಮನ ಕೈಯಲ್ಲಿದ್ದ ಹೊದಿಕೆಯೊಳಗೆ ಕಾಗದ ತಾನಾಗಿ ಹುಟ್ಟುತ್ತಿತ್ತು. ಮಗಳು ಜನೆಲ್‌ಗೆ, "ಟೀಚರಾದ್ರೆ ಬರೀ ಕಾಗದಪತ್ರ ಕಣೇ, ನಂಗೆ ಮಕ್ಕಳ ಜೊತೆ ಹಿಂದೆ ಕೂರೋದೇ ಇಷ್ಟ" ಎಂದು ಹೇಳಿಕೊಂಡು ಬಂದ ಮಾತಿಗೂ ಒಂದು ಬೆನ್ನೆಲುಬು ಬರುತ್ತಿತ್ತು. ಸುಳ್ಳು ಹೇಳಿದ್ದೇ ಇಲ್ಲ ಎಂದಾಗುತ್ತಿತ್ತು. ಅಷ್ಟೊಂದು ಸುಲಭವಾಗಿ ಸಿಗುವುದನ್ನು ಬೇಡ ಎನ್ನಲು ತಾನು ಯಾರು? ಪೆನ್ನಿನ ತುದಿ ಗೆರೆಯ ಮೇಲೆ ಇಳಿಯಿತು, ಒಂದು ಚುಕ್ಕಿ ಬಿತ್ತು. ಇದರಲ್ಲಿ ನಿನ್ನ ತಪ್ಪೇನಿಲ್ಲ, ಎಂದು ಕನಿಕರದಿಂದ ಬಗ್ಗಿದ ಮುಖ ಮತ್ತೆ ಕಂಡಿತು. ಈ ಕಾಗದಕ್ಕೂ ಅದೇ ಮುಖ. ಸಹಿ ಹಾಕಿದರೆ ಇನ್ನೊಮ್ಮೆ ಥ್ಯಾಂಕ್ಯೂ ಎನ್ನಬೇಕು.

"ಇವತ್ತಿನ ತಾರೀಖೇ ಇರಲಿ," ಎಂದು ಪೆನ್ನಿನ ಮುಚ್ಚಳ ಹಾಕಿದಳು.

ಮುಖ್ಯಸ್ಥ ಮಿಸ್ಟರ್ ಲಿಂಡ್‌ಕ್ವಿಸ್ಟ್ ಒಳಗಿಂದ ಕನ್ನಡಕ ಹಣೆಗೇರಿಸಿಕೊಂಡು ಬಂದ. ನಿಯಮದ ಪುಟ ಓದಿದ. ಪೂರೈಸಿದಲ್ಲಿ ಅಥವಾ ಮನ್ನಾ ಮಾಡಿದಲ್ಲಿ ಎಂದು ಎರಡೂ ಇತ್ತು. ಪೂರೈಸುವುದಕ್ಕೆ ಕಚೇರಿಯ ಒಬ್ಬ ಸಾಕ್ಷಿ ಸಾಕಿತ್ತು. "ಮ್ಯಾಡಮ್, ನಿಮಗೆ ಹಾರ್ಟು, ಬೀಪಿ ಏನಾದ್ರೂ..." ಎಂದು ಶುರುಮಾಡಿದವನು ಅವಳ ಮುಖ ನೋಡಿ ನಿಲ್ಲಿಸಿ, ಏನಾದರೂ ಆದರೆ ವಿಶ್ವವಿದ್ಯಾಲಯ ಹೊಣೆಯಲ್ಲ ಎಂಬ ಬೇರೆ ಕಾಗದ ಮುಂದಿಟ್ಟ. ಅದಕ್ಕೆ ಅವಳು ತಕ್ಷಣ ಸಹಿ ಹಾಕಿದಳು. "ಮಾರಿಸೋಲ್, ಹೋಗಿ ನೋಡಿ ಬಾ. ಊಟದ ಹೊತ್ತಿಗೆ ವಾಪಸ್ ಬಾ. ಮತ್ತೆ ಈಜುಡುಗೆ?"

"ಇದೆ," ಎಂದಳು ವರ್ಲೀನ್. ಎಲ್ಲಿದೆ ಎಂದು ಹೇಳಲಿಲ್ಲ.

ಕೊಳಕ್ಕೆ ಹತ್ತು ನಿಮಿಷದ ನಡಿಗೆ. ದಾರಿಯುದ್ದಕ್ಕೂ ಮಾರಿಸೋಲ್ ಮಾತಾಡುತ್ತಲೇ ಇದ್ದಳು: ಅಪ್ಪ ಅಮ್ಮ ಕೋಳಿ ಕೊಯ್ಯುವ ಕಾರ್ಖಾನೆಯಲ್ಲಿ ದುಡಿಯುತ್ತಾರೆ, ಈ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವಳು ಮನೆಯಲ್ಲಿ ತಾನೊಬ್ಬಳೇ, ಓದಿದ್ದು ಲೆಕ್ಕ, ಸಿಕ್ಕಿದ್ದು ಈ ಕಡತದ ಕೆಲಸ. "ಏನಕ್ಕೆ ಬೇಕು ಮ್ಯಾಡಮ್ ಇದೆಲ್ಲ ಅಂತ ನಮ್ಮ ಮಾವ ಕೇಳ್ತಾನೆ. ಟ್ರಕ್ ಓಡಿಸಿದ್ರೆ ಇದರ ಎರಡರಷ್ಟು ಬರುತ್ತಂತೆ."

"ನೀನೇನಂತೀಯ?"

"ಏನೂ ಅನ್ನಲ್ಲ. ಆದ್ರೆ ಯಾರಾದ್ರೂ ತಪ್ಪು ಲೆಕ್ಕ ಹೇಳಿದ್ರೆ ನಂಗೆ ಗೊತ್ತಾಗುತ್ತೆ. ಸುಮ್ಮನೆ ಇರಕ್ಕೆ ಆಗಲ್ಲ."

ವರ್ಲೀನ್‌ಗೆ ಆ ಉತ್ತರ ಹಿಡಿಸಿತು. ಆದರೆ ಕೊಳ ಹತ್ತಿರವಾದಷ್ಟೂ ಅವಳ ಹೆಜ್ಜೆ ನಿಧಾನವಾಗುತ್ತಿತ್ತು. ಮಾರ್ಚಿನಿಂದ ವಾರಕ್ಕೆ ಮೂರು ದಿನ ಅವಳು ತನ್ನೂರಿನ ಹೊಸ ಕೊಳಕ್ಕೆ ಹೋಗಿದ್ದಳು. ಅಲ್ಲಿಯ ಹೆಂಗಸಿಗೆ ಮೊಣಕಾಲು ನೋವಿಗೆ ಡಾಕ್ಟರು ಹೇಳಿದ್ದಾರೆ ಎಂದಿದ್ದಳು. ದೊಡ್ಡವರ ತರಗತಿ ಇರಲಿಲ್ಲ. ಸೇರಿಸಿದ್ದು ಮಕ್ಕಳ ಜೊತೆ, ಅದರಲ್ಲಿ ಅರ್ಧ ಅವಳದೇ ಶಾಲೆಯ ಮಕ್ಕಳು. ಇಮೆಲ್ಡಾ ಎಂಬ ಎಂಟು ವರ್ಷದವಳು ಸೊಂಟಕ್ಕೆ ಕೈಯಿಟ್ಟು, "ಮಿಸ್ ವರ್ಲೀನ್, ಕಾಲು ಕಪ್ಪೆ ಥರ ಮಾಡಿ ಅಂದ್ರೆ ಟೇಬಲ್ ಥರ ಮಾಡ್ತೀರಲ್ಲ! ಮೂಗಲ್ಲಿ ಗುಳ್ಳೆ ಬಿಡಿ, ಹೆದರ್ಕೋಬೇಡಿ, ನಾನಿದೀನಿ" ಎಂದಿದ್ದಳು. ಅದೇ ದನಿ. ಭಿನ್ನರಾಶಿ ಹೇಳಿಕೊಡುವಾಗ ಇಮೆಲ್ಡಾಳಿಗೆ ತಾನು ಬಳಸಿದ ದನಿ. ಮೊದಲ ಸಲ ನೀರು ತನ್ನನ್ನು ಹೊತ್ತದ್ದು ಏಪ್ರಿಲ್‌ನ ಒಂದು ಮಂಗಳವಾರ. ಮೂಳೆ ಭಾರವಾಗಿರಲಿಲ್ಲ. ಮೂಳೆಗೆ ಯಾವತ್ತೂ ಏನೂ ಆಗಿರಲಿಲ್ಲ. ಅಂಗಾತ ಮಲಗಿ ಛಾವಣಿ ನೋಡುತ್ತ ಅವಳು ನಕ್ಕುಬಿಟ್ಟು ನೀರು ಕುಡಿದಿದ್ದಳು. ಆದರೆ ಇಪ್ಪತ್ತೈದು ಗಜವನ್ನು ನಡುವೆ ಎಲ್ಲೂ ನಿಲ್ಲದೆ ಅವಳು ಇದುವರೆಗೆ ದಾಟಿದ್ದು ಎರಡೇ ಸಲ.

ಇಲ್ಲಿಯ ಕೊಳ ದೊಡ್ಡದು, ಆಳ, ನೀರು ಹಸಿರಿಗಿಂತ ನೀಲಿ. ಮಾರಿಸೋಲ್ ಬಟ್ಟೆ ಬದಲಿಸುವ ಕೋಣೆ ತೋರಿಸುವ ಮೊದಲೇ ವರ್ಲೀನ್ ಬೆಂಚಿನ ಬಳಿ ನಿಂತು ಉಡುಪಿನ ಗುಂಡಿ ಬಿಚ್ಚತೊಡಗಿದ್ದಳು. ಹುಡುಗಿಯ ಬಾಯಿ ತೆರೆದುಕೊಂಡಿತು. "ಮನೆಯಿಂದಲೇ ಹಾಕ್ಕೊಂಡು ಬಂದ್ರಾ?" ವರ್ಲೀನ್ ಉಡುಪನ್ನು ಮಡಿಸಿ ಬೆಂಚಿನ ಮೇಲಿಟ್ಟಳು. ಕುಗ್ಗಿದ ತೊಡೆ, ಉಬ್ಬಿದ ಹೊಟ್ಟೆ, ಹೆಗಲಿನ ಮೇಲೆ ಪಟ್ಟಿ ಮಾಡಿದ ಗಾಯ, ಎಲ್ಲವೂ ಆ ಬೆಳಕಿನಲ್ಲಿ ಬತ್ತಲೆಯಾಗಿ ನಿಂತವು. ಪಕ್ಕದ ಸಾಲಿನಲ್ಲಿ ಎಳೆಯ ಮೈಗಳು ಮೀನಿನಂತೆ ಹೋಗಿ ಬರುತ್ತಿದ್ದವು. ಎತ್ತರದ ಕುರ್ಚಿಯಲ್ಲಿ ಕಾವಲಿಗೆ ಕೂತಿದ್ದ ಹುಡುಗಿ ವಿಷಯ ಕೇಳಿ ಕೆಳಗಿಳಿದು ಬಂದು ಅಂಚಿನಲ್ಲಿ ನಿಂತಳು. ನೀರು ತಣ್ಣಗಿತ್ತು. ವರ್ಲೀನ್ ಗೋಡೆಯನ್ನು ಕಾಲಿನಿಂದ ಒದ್ದಳು.

ಮೊದಲ ಹತ್ತು ಗಜ ಸಲೀಸು. ಕಪ್ಪೆ, ಟೇಬಲ್ ಅಲ್ಲ, ಕಪ್ಪೆ. ಆಮೇಲೆ ಕೆಳಗಿನ ನೆಲ ಜಾರಿ ದೂರವಾಯಿತು. ಆಳದ ಕಡೆ ಹಾಕಿದ್ದ ಕಪ್ಪು ಗೆರೆ ಒಮ್ಮೆಲೆ ಮಸುಕಾಗಿ ಮುಳುಗಿತು. ನೋಡಬಾರದಿತ್ತು. ಉಸಿರು ತೆಗೆದುಕೊಳ್ಳಬೇಕಾದ ಜಾಗದಲ್ಲಿ ನೀರು ಬಂತು. ಕಿವಿಯೊಳಗೆ ಪೀಪಿಯ ಸದ್ದೋ ರಕ್ತದ ಸದ್ದೋ, ರಬ್ಬರಿನ ಟೋಪಿ, ನಗುವ ಹುಡುಗಿಯರು, ಯಾರೋ ಬಗ್ಗುತ್ತಿದ್ದಾರೆ. ಎಡಗೈ ತಾನಾಗಿ ಚಾಚಿ ಸಾಲುಗಳ ನಡುವೆ ಕಟ್ಟಿದ್ದ ತೇಲುಹಗ್ಗವನ್ನು ಹಿಡಿಯಿತು. ಒಂದು ಕ್ಷಣ. ಬಿಟ್ಟಳು. ಬಿಟ್ಟು ಕೈಕಾಲು ಬಡಿದುಕೊಂಡು, ಕೆಮ್ಮುತ್ತ, ಹೇಗೋ ಆಚೆಯ ಗೋಡೆ ಮುಟ್ಟಿದಳು.

"ಆಯ್ತು! ಆಗ್ಹೋಯ್ತು ಮ್ಯಾಡಮ್!" ಮಾರಿಸೋಲ್ ಅಂಚಿನುದ್ದಕ್ಕೂ ಓಡಿ ಬಂದು ಕುಕ್ಕರುಗಾಲಲ್ಲಿ ಕೂತಿದ್ದಳು. ಪ್ಯಾಂಟಿನ ಮೊಣಕಾಲು ಒದ್ದೆಯಾಗಿತ್ತು.

ವರ್ಲೀನ್ ಗೋಡೆ ಹಿಡಿದು ಕೆಮ್ಮಿ ಮುಗಿಸಿದಳು. "ಹಗ್ಗ ಹಿಡಿದೆ."

"ಅಯ್ಯೋ, ಮುಟ್ಟಿದ್ದು ಅಷ್ಟೇ. ನಾವ್ಯಾರೂ ನೋಡಿಲ್ಲ. ಅಲ್ವಾ?" ಎಂದು ಅವಳು ಕಾವಲಿನ ಹುಡುಗಿಯತ್ತ ತಿರುಗಿದಳು. ಆ ಹುಡುಗಿ ಹೆಗಲು ಕುಣಿಸಿದಳು.

"ನಾನು ನೋಡಿದೆ," ಎಂದಳು ವರ್ಲೀನ್. "ಲೆಕ್ಕ ಓದಿದವಳು ನೀನು. ಇಪ್ಪತ್ತೈದರಲ್ಲಿ ಹಗ್ಗದ ಪಾಲು ಎಷ್ಟು, ನನ್ನ ಪಾಲು ಎಷ್ಟು?"

ಮಾರಿಸೋಲ್ ಕೈಯಲ್ಲಿದ್ದ ಫಾರಮ್ಮನ್ನೂ ಅವಳನ್ನೂ ನೋಡಿದಳು. ಅವಳ ಮುಖದಿಂದ ಓಲೈಸುವ ನಗು ಇಳಿದುಹೋಯಿತು. ಅದರಲ್ಲಿ ಆಗಲೇ ಬರೆಯತೊಡಗಿದ್ದ ಪದವನ್ನು ನಿಧಾನವಾಗಿ ಹೊಡೆದು ಹಾಕಿ, "ಸರಿ. ಇನ್ನೊಂದು ಸಲ. ನಾನು ಸರಿಯಾಗಿ ನೋಡ್ತೀನಿ" ಎಂದಳು.

ಕಾಲು ಗಂಟೆ ಕೂತು ಉಸಿರು ಹಿಡಿದಳು. ಪಕ್ಕದ ಸಾಲುಗಳಲ್ಲಿ ಈಜುತ್ತಿದ್ದವರಿಗೆ ಯಾರು ಹೇಳಿದರೋ, ನಾಲ್ಕಾರು ಜನ ಅಂಚಿಗೆ ಬಂದು ಮೊಣಕೈಯೂರಿ ನಿಂತಿದ್ದರು. ನಗುತ್ತಾರೆ ಎಂದು ಅವಳು ಕಾದಳು. ಯಾರೂ ನಗಲಿಲ್ಲ. ಒಬ್ಬಳು ತನ್ನ ಈಜುಗನ್ನಡಕ ತೆಗೆದು, "ಇದು ಹಾಕ್ಕೊಳ್ಳಿ ಮ್ಯಾಡಮ್, ಕೆಳಗೆ ನೋಡ್ಬೇಡಿ, ಮುಂದೆ ಗೋಡೆ ನೋಡಿ" ಎಂದು ಚಾಚಿದಳು. ಈ ಸಲ ವರ್ಲೀನ್ ಅವಸರ ಮಾಡಲಿಲ್ಲ. ಹತ್ತು ಗಜ. ಹನ್ನೆರಡು. ಹಗ್ಗ ಎಡಕ್ಕೆ ಒಂದು ಗೇಣು ದೂರದಲ್ಲಿ ಕೆಂಪಾಗಿ, ಬಿಳಿಯಾಗಿ, ಕೆಂಪಾಗಿ ಹಿಂದೆ ಸರಿಯುತ್ತಿತ್ತು. ಆಳ ಬಂತು. ಅವಳಿಗೆ ಇದ್ದಕ್ಕಿದ್ದಂತೆ ಅನ್ನಿಸಿತು: ಇಷ್ಟು ವರ್ಷ ನಾನು ಆಳಕ್ಕೆ ಹೆದರಿರಲಿಲ್ಲ, ದಡದಲ್ಲಿ ನಿಂತವರಿಗೆ ಹೆದರಿದ್ದೆ. ಎದೆ ಉರಿಯಿತು, ಕಾಲು ಸೀಸವಾಯಿತು, ಇಪ್ಪತ್ತನೇ ಗಜದಲ್ಲಿ ಬಾಯಿಗೆ ಮತ್ತೆ ನೀರು ಬಂತು. ಉಗುಳಿದಳು. ಉಗುಳಿ ಮುಂದೆ ಹೋದಳು. ಅಂಗೈ ಹೆಂಚಿಗೆ ಬಡಿಯಿತು, ಗಟ್ಟಿಯಾಗಿ, ನೋಯುವ ಹಾಗೆ. ಮೇಲೆ ಯಾರೋ ಚಪ್ಪಾಳೆ ಹೊಡೆದರು. ಅವಳು ಅದನ್ನು ಕೇಳಿಸಿಕೊಂಡಳು, ಆದರೆ ಅದು ಬೇಕು ಅನ್ನಿಸಲಿಲ್ಲ. ಏಣಿ ಹಿಡಿದು ತಾನಾಗಿ ಹತ್ತಿ ಬಂದು, ನೀರು ಸುರಿಯುತ್ತ, ನೆಟ್ಟಗೆ ನಿಂತಳು.

ಮಾರಿಸೋಲ್ ಬರೆದು ಮುಗಿಸಿ ಹಾಳೆ ತಿರುಗಿಸಿ ತೋರಿಸಿದಳು. ಪೂರೈಸಲಾಗಿದೆ. ಹಾಳೆಯ ಮೂಲೆ ಒದ್ದೆಯಾಗಿ ಶಾಯಿ ತುಸು ಹರಡಿತ್ತು.

"ಸಾಕ್ಷಿ ಅಂತ ನನ್ನ ಹೆಸರು ಹಾಕಿದೀನಿ," ಎಂದಳು. ಆಮೇಲೆ ಸಣ್ಣ ದನಿಯಲ್ಲಿ, "ನಮ್ಮಮ್ಮಂಗೂ ಈಜು ಬರಲ್ಲ."

"ಕರ್ಕೊಂಡು ಬಾ," ಎಂದಳು ವರ್ಲೀನ್. "ಮೊದಲು ಮೂಗಲ್ಲಿ ಗುಳ್ಳೆ ಬಿಡೋದು ಕಲಿಸ್ಬೇಕು. ಉಳಿದದ್ದು ಆಮೇಲೆ."

ಕಾರಿನಲ್ಲಿ ಕೂತಾಗ ಕೂದಲಿನಿಂದ ನೀರು ಬೆನ್ನಿಗಿಳಿದು ನೀಲಿ ಉಡುಪು ಒದ್ದೆಯಾಗುತ್ತಿತ್ತು. ಅದನ್ನು ಒರೆಸಿಕೊಳ್ಳುವ ಗೋಜಿಗೆ ಅವಳು ಹೋಗಲಿಲ್ಲ. ಕಿಟಕಿಯಾಚೆ ವಿದ್ಯಾರ್ಥಿಗಳು ಗುಂಪು ಗುಂಪಾಗಿ ಊಟಕ್ಕೆ ಹೋಗುತ್ತಿದ್ದರು. ತಾನೂ ಅವರಲ್ಲೊಬ್ಬಳು ಎಂಬ ವಿಚಿತ್ರ ಖುಷಿ ಕಾಲಿನ ಬೆರಳುಗಳಿಂದ ಹತ್ತಿ ಬರುತ್ತಿತ್ತು. ಈ ವರ್ಷದ ಪದವೀಧರೆ. ಮಿಸೆಸ್ ಗ್ಯಾಸ್ಕಿನ್ಸ್‌ಗೆ ಫೋನು ಮಾಡಬೇಕಿತ್ತು. ಆದರೆ ಬೆರಳು ಮೊದಲು ಒತ್ತಿದ್ದು ಮಗಳ ಹೆಸರನ್ನು. ಮೆಂಫಿಸ್‌ನ ಆಸ್ಪತ್ರೆಯಲ್ಲಿ ಜನೆಲ್‌ಗೆ ಅದು ಕೆಲಸದ ನಡುವಿನ ಬಿಡುವು.

"ಅಮ್ಮ? ಏನಾಯ್ತು, ಈ ಹೊತ್ತಲ್ಲಿ? ಹುಷಾರಿದ್ದೀಯ ತಾನೇ?"

"ಹುಷಾರಾಗಿದೀನಿ. ನಂಗೆ ಡಿಗ್ರಿ ಸಿಕ್ತು ಕಣೇ."

ಆಚೆ ಕಡೆ ಯಾವುದೋ ಗಾಲಿಕುರ್ಚಿ ಹೋದ ಸದ್ದು. "ಏನಮ್ಮ ಹೇಳ್ತಿದೀಯ? ನಿಂಗೆ ಡಿಗ್ರಿ ಸಿಕ್ಕಿ ಎಷ್ಟು ವರ್ಷ ಆಯ್ತು! ಅಜ್ಜಿ ಮನೇಲಿ ಇತ್ತಲ್ಲ?"

ವರ್ಲೀನ್ ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡಳು. ಈಜುಗನ್ನಡಕದ ಗುರುತು ಕಣ್ಣಿನ ಸುತ್ತ ಇನ್ನೂ ದುಂಡಗೆ ಒತ್ತಿಕೊಂಡಿತ್ತು. ಮುಖ ಬಿಸಿಯಾಗುತ್ತದೆ ಎಂದು ಕಾದಳು. ಆಗಲಿಲ್ಲ.

"ಇಲ್ಲ ಮಗಳೇ," ಎಂದಳು. "ಈಗ ತಾನೇ, ಹನ್ನೆರಡಕ್ಕೆ ಹತ್ತು ನಿಮಿಷ ಇದ್ದಾಗ ಸಿಕ್ತು. ಎಲ್ಲಾದ್ರೂ ಕೂತ್ಕೋ. ಹೇಳ್ತೀನಿ."